ಕೆಂಚಪ್ಪಣ್ಣನ ನಾಲ್ಕನೆಯ ಗೂಟ

ನನ್ನ ಮಗಳ ಮದುವೆಗೆ ಬಂದ ಕೆಂಚಪ್ಪಣ್ಣ ಅಕ್ಷತೆ ಹಾಕುವ ಮೊದಲು ಶಾಮಿಯಾನದ ಹಗ್ಗಗಳನ್ನು ಎಳೆದು ನೋಡಿದರು. ಒಂದೆರಡಲ್ಲ, ಎಲ್ಲವನ್ನೂ. ಮುಹೂರ್ತ ಹತ್ತಿರವಾಗುತ್ತಿತ್ತು, ವಾಲಗದವರು ಗಟ್ಟಿಮೇಳಕ್ಕೆ ಸಿದ್ಧರಾಗಿ ಕುಳಿತಿದ್ದರು. ಇವರು ಪಂಚೆ ಎತ್ತಿ ಕಟ್ಟಿಕೊಂಡು ಒಂದು ಸುತ್ತು ಮುಗಿಸಿ, ಅಡುಗೆಯವರ ಮೂಲೆಯಲ್ಲಿದ್ದ ಎರಡು ಗಂಟು ಬಿಚ್ಚಿ ಹೊಸದಾಗಿ ಹಾಕಿ, ಕೈ ತೊಳೆದುಕೊಂಡು ಬಂದು ಅಕ್ಷತೆ ಹಿಡಿದರು. ಬೀಗರ ಕಡೆಯ ಹಿರಿಯರೊಬ್ಬರು, "ಇವ್ರು ಶಾಮಿಯಾನದೋರಾ?" ಎಂದು ಕೇಳಿದರು. "ಅಲ್ಲ, ಬಂದರಿನವರು" ಎಂದೆ. ಘಟ್ಟದ ಮೇಲಿನ ಕೆ. ಹೊಸಕೋಟೆಯಲ್ಲಿ ನಿಂತು ಬಂದರು ಎಂದರೆ ಯಾರಿಗೆ ಅರ್ಥವಾಗಬೇಕು? ಅವರು ತಲೆಯಾಡಿಸಿದರು.

ಅಂದು ಗಾಳಿ ಬರಲಿಲ್ಲ. ಊಟದ ಹೊತ್ತಿನಲ್ಲಿ ನಾನು ಅದನ್ನೇ ಹೇಳಿ ಛೇಡಿಸಿದೆ. ಕೆಂಚಪ್ಪಣ್ಣ ಪಾಯಸದ ಎಲೆಯಿಂದ ಮುಖವೆತ್ತದೆ, "ಬರ್ದೇ ಹೋದ್ರೆ ಅದೇ ನಮ್ ಕೂಲಿ ಕಣ್ ತಂಗ್ಯವ್ವ" ಎಂದರು.

ನಾನು ಘಟ್ಟದ ಕೆಳಗಿನ ಒಂದು ಬಂದರಿನ ನಿಯಂತ್ರಣ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವಳು. ಎರಡು ಟೆಲಿಫೋನು, ಒಂದು ಗಡಿಯಾರ, ಒಂದು ರಿಜಿಸ್ಟರು. ಕೇಳಿಸಿಕೊಂಡದ್ದನ್ನು ಬರೆಯಬೇಕು, ಬರೆದದ್ದರ ಪಕ್ಕ ವೇಳೆ ಹಾಕಬೇಕು, ಮೇಲಿನವರು ಪ್ರಶ್ನೆ ಕೇಳದೆ ಬಾಯಿ ತೆರೆಯಬಾರದು. ನನಗೆ ಕಲಿಸಿದ ಶಿಸ್ತು ಇಷ್ಟು. ಮೊದಲ ಎರಡನ್ನು ಇಂದಿಗೂ ಪಾಲಿಸುತ್ತೇನೆ. ಮೂರನೆಯದು ಎಂಥ ಹೇಡಿತನ ಎಂಬುದು ತಿಳಿಯಲು ಒಂದು ಹೆಣ ಬೀಳಬೇಕಾಯಿತು.

ಕೆಂಚಪ್ಪಣ್ಣ ಬಿಸಿಲೆ ಕಡೆಯ ಒಂದು ಹಳ್ಳಿಯವರು. ಪ್ರಾಯದಲ್ಲಿ ಮರದ ದಿಮ್ಮಿ ತುಂಬಿದ ಲಾರಿಯ ಮೇಲೆ ಕುಳಿತು ಬಂದರಿಗೆ ಇಳಿದರು. ದಿಮ್ಮಿಗೆ ಹಗ್ಗ ಬಿಗಿಯುವ ಅವರ ಕೈ ನೋಡಿ ಯಾರೋ ಅಲ್ಲೇ ಉಳಿಸಿಕೊಂಡರು. ಹಡಗಿನ ಹಗ್ಗ ಕಟ್ಟುವ ಖಲಾಸಿಯಾಗಿ ಸೇರಿ, ಖಲಾಸಿಗಳ ಮೇಸ್ತ್ರಿಯಾದರು. ಬಂದರಿನಲ್ಲಿ ಆ ಮೇಸ್ತ್ರಿಯನ್ನು ತಿಂಡಲ್ ಎನ್ನುತ್ತಾರೆ. ಕುಳ್ಳು ದೇಹ, ಮೊರದಗಲದ ಅಂಗೈ, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಅಷ್ಟು ವರ್ಷ ಸಮುದ್ರದ ಪಕ್ಕ ಇದ್ದರೂ ಒಂದು ದಿನ ಅದರಲ್ಲಿ ಕಾಲು ಅದ್ದಿದವರಲ್ಲ. "ಅದಕ್ಕೂ ನಂಗೂ ಸಲಿಗೆ ಇಲ್ಲ" ಎನ್ನುವರು. ಗಾಳಿಯ ಮೇಲೆ ಮಾತ್ರ ಅವರಿಗೆ ವೈರಿಯ ಮೇಲಿರುವಂಥ ಗಮನವಿತ್ತು. "ಗಾಳಿಗೆ ಕಣ್ಣಿಲ್ಲ ಕಣವ್ವ, ಬೆರಳೈತೆ. ಯಾವ್ದು ಸಡ್ಲ ಐತೆ ಅಂತ ತಡಕಾಡ್ಕಂಡು ಬತ್ತದೆ."

ಬಿರುಗಾಳಿಯ ಮುನ್ಸೂಚನೆ ಬಂದ ಕೂಡಲೇ ನಾನು ವೇಳೆ ಬರೆದು, ಅಧಿಕಾರಿಗಳಿಗೆ ತಿಳಿಸಿ, ಕಂಬದ ಮೇಲೆ ಎಚ್ಚರಿಕೆಯ ಗುರುತು ಏರಿಸಲು ಹೇಳುತ್ತಿದ್ದೆ. ಅಲ್ಲಿಂದ ಮುಂದಿನದು ಕೆಂಚಪ್ಪಣ್ಣನ ರಾಜ್ಯ. ಅವರು ಇಡೀ ಬಂದರನ್ನು ಒಂದು ಕೊಟ್ಟಿಗೆಯಂತೆ ನೋಡುತ್ತಿದ್ದರು. ದೊಡ್ಡ ಹಡಗುಗಳನ್ನು ಅವು ತಂಗುವ ಧಕ್ಕೆಯ ಕಟ್ಟೆಯಿಂದ ಬಿಡಿಸಿ ನಡುಸಮುದ್ರಕ್ಕೆ ಕಳಿಸುವುದು ಮೊದಲ ಕೆಲಸ. ಬಿರುಗಾಳಿಯಲ್ಲಿ ಹಡಗನ್ನು ಹೊರಗೆ ಅಟ್ಟುತ್ತಾರೆಯೇ ಎಂದು ಹೊಸಬಳಾದ ನಾನು ಬೆರಗಾಗಿದ್ದೆ. "ದೊಡ್ ದನಾನ ಒಳಗೆ ಕಟ್ಟಾಕಿದ್ರೆ ಗ್ವಾಡೆಗೆ ಗುದ್ಕಂಡು ಸಾಯ್ತದೆ. ಬಯ್ಲಿಗೆ ಬುಟ್ರೆ ತಾನೇ ತಡ್ಕತದೆ" ಎಂದು ಅವರೇ ತಿಳಿಸಿದರು. ಉಳಿದ ಸಣ್ಣ ಹಡಗುಗಳಿಗೆ ಎರಡು ಪಟ್ಟು ಹಗ್ಗ. ತಗಡು, ಹಲಗೆ, ಖಾಲಿ ಪೀಪಾಯಿಗಳೆಲ್ಲ ಗೋದಾಮಿನೊಳಕ್ಕೆ. ಕೊನೆಗೆ, ಹಳಿಗಳ ಮೇಲೆ ಓಡಾಡುವ ನಾಲ್ಕು ಕ್ರೇನುಗಳ ಕಾಲಿಗೆ ನೆಲದ ಗುಂಡಿಯಲ್ಲಿ ಕಬ್ಬಿಣದ ಗೂಟ ಇಳಿಸುವುದು. ಗೂಟವಿಲ್ಲದ ಕ್ರೇನು ಗಾಳಿಗೆ ರೈಲಿನಂತೆ ಓಡುತ್ತದೆ.

ಇಲ್ಲಿ ಕೆಂಚಪ್ಪಣ್ಣ ತಾವೇ ಹುಟ್ಟುಹಾಕಿದ ಒಂದು ಪದ್ಧತಿ ಇತ್ತು. ಗೂಟ ಇಳಿದ ಮೇಲೆ ತಿಂಡಲ್ ಅದರ ಮೇಲೆ ಅಂಗೈಯಿಟ್ಟು ಅಲುಗಿಸಿ "ಕೈ" ಎನ್ನಬೇಕು. ಆಮೇಲೆ ಪಾಳಿಯ ಅಧಿಕಾರಿಯೂ ಅಂಗೈಯಿಟ್ಟು "ಕೈ" ಎನ್ನಬೇಕು. ಇಬ್ಬರ ದನಿಯನ್ನೂ ಫೋನಿನಲ್ಲಿ ಕೇಳಿಸಿಕೊಂಡು ನಾನು "ಕೈ ಆಯಿತು" ಎಂದು ಬರೆಯಬೇಕು. "ಕಣ್ಣು ದೂರದಿಂದ್ಲೇ ಒಪ್ಕಂಡ್ಬುಡ್ತದೆ. ಕೈ ಒಪ್ಬೇಕು ಅಂದ್ರೆ ಹತ್ರ ಹೋಗ್ಬೇಕು" ಎಂಬುದು ಅವರ ತರ್ಕ. ಯಾವ ನಿಯಮಪುಸ್ತಕದಲ್ಲೂ ಇಲ್ಲದ ಈ ಪದ್ಧತಿಯನ್ನು ಒಬ್ಬರನ್ನು ಬಿಟ್ಟು ಉಳಿದ ಅಧಿಕಾರಿಗಳೆಲ್ಲ ಒಪ್ಪಿಕೊಂಡಿದ್ದರು.

ಆ ಒಬ್ಬರ ಹೆಸರು ಬರೆಯುವುದಿಲ್ಲ. ಕೆಂಚಪ್ಪಣ್ಣ ಅವರನ್ನು ಬಿಳಿ ಶೂ ಸಾಹೇಬ ಎನ್ನುತ್ತಿದ್ದರು. ಕಲ್ಲಿದ್ದಲು, ಅದಿರಿನ ಕೆಸರು ತುಂಬಿದ ಧಕ್ಕೆಯ ಮೇಲೆ ಬಿಳಿ ಶೂ ಹಾಕುವ ಮನುಷ್ಯ ಅವರೊಬ್ಬರೇ. ಶೂ ಯಾವಾಗಲೂ ಬೆಳ್ಳಗೇ ಇರುತ್ತಿತ್ತು. ಅವರು ಎಲ್ಲಿಗೂ ನಡೆದುಹೋಗುತ್ತಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಾನು ಅವರಿಗೆ ಬಹುವಚನ ಬಳಸುವುದು ಅಭ್ಯಾಸಬಲದಿಂದ.

ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಚಂಡಮಾರುತ ನಮ್ಮ ಕಡೆ ತಿರುಗಿತೆಂಬ ಸಂದೇಶ ಬಂತು. ಪಾಳಿ ಬಿಳಿ ಶೂ ಸಾಹೇಬರದು. ಎಂಜಿನ್ ಕೆಟ್ಟ ಒಂದು ಹಡಗು ಧಕ್ಕೆಯಲ್ಲೇ ಉಳಿದಿತ್ತು. ಮೂರು ಕ್ರೇನುಗಳಿಗೆ ಗೂಟ ಬಿತ್ತು. ಧಕ್ಕೆಯ ತುದಿಯಲ್ಲಿದ್ದ ನಾಲ್ಕನೆಯದರ ಗುಂಡಿಯಲ್ಲಿ ಕಲ್ಲಿದ್ದಲ ಪುಡಿ ಕೆಸರಾಗಿ ಗಟ್ಟಿ ಕೂತಿತ್ತು, ಗೂಟ ಇಳಿಯಲಿಲ್ಲ. ಕೆಂಚಪ್ಪಣ್ಣ ಸಾಹೇಬರಿದ್ದ ಷೆಡ್ಡಿಗೆ ಓಡಿಬಂದು, "ನಾಕನೇದು ಬಾಕಿ ಐತೆ ಸಾರ್, ಗುಂಡಿ ಬಳೀಬೇಕು" ಎಂದರಂತೆ. "ಮೊದ್ಲು ಹೋಗಿ ಹಡಗಿನ ಹಗ್ಗ ನೋಡು. ಇದನ್ನ ನಾನು ನೋಡ್ಕೋತೀನಿ" ಎಂದು ಸಾಹೇಬರು ಅವರನ್ನೂ ಅವರ ಜನರನ್ನೂ ಆಚೆ ಕಳಿಸಿದರು.

ಐದು ನಿಮಿಷಕ್ಕೆ ನನ್ನ ಫೋನು ಬಡಿಯಿತು. "ನಾಲ್ಕನೇದೂ ಆಯ್ತು ಮೇಡಂ, ಬರ್ಕೊಳ್ಳಿ."

"ತಿಂಡಲ್ ಎಲ್ಲಿ ಸಾರ್?"

"ಹಡಗಿನ ಹತ್ರ ಇದ್ದಾನೆ. ಆಯ್ತು ಅಂತ ನಾನೇ ಹೇಳ್ತಿದೀನಲ್ಲ?"

ಒಂದೇ ದನಿ ಕೇಳಿಸಿಕೊಂಡು ಎರಡು ಕೈ ಬರೆದೆ. ವೇಳೆಯನ್ನೂ ಹಾಕಿದೆ.

ಮುಕ್ಕಾಲು ಗಂಟೆಯ ಮೇಲೆ ಗಾಳಿ ನಾಲ್ಕನೆಯ ಕ್ರೇನನ್ನು ಹಳಿಯ ಮೇಲೆ ಓಡಿಸಿತು. ಹೆಚ್ಚಿನ ಹಗ್ಗ ತರಲು ಹಳಿ ದಾಟುತ್ತಿದ್ದ ಖಲಾಸಿ ಸುಬ್ಬಣ್ಣ ಅದರ ಅಡಿಗೆ ಸಿಕ್ಕಿದ. ಸುಬ್ಬಣ್ಣ ದೋಣಿಗಲ್ಲಿನವನು, ಕೆಂಚಪ್ಪಣ್ಣನ ಹೆಂಡತಿ ಗೌರಮ್ಮನ ಒಬ್ಬನೇ ತಮ್ಮ. ಅವನನ್ನು ಬಂದರಿಗೆ ಕರೆತಂದವರೂ ಕೆಂಚಪ್ಪಣ್ಣನೇ.

ವಿಚಾರಣೆಯಲ್ಲಿ ಸಾಹೇಬರು, "ಕೈಯಿಟ್ಟು ನೋಡಿದೆ ಅಂತ ತಿಂಡಲ್ ಹೇಳಿದ, ನಾನು ನಂಬಿದೆ" ಎಂದರು. ನನ್ನ ರಿಜಿಸ್ಟರು ಅದನ್ನೇ ಹೇಳುತ್ತಿತ್ತು. ನನ್ನನ್ನು ಒಳಗೆ ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಇದು ನಿಮ್ಮ ಕೈಬರಹವೇ?" ಹೌದು ಎಂದೆ. ಹೊರಗೆ ಹೋಗಿ ಎಂದರು. ಹೋದೆ. ಕೆಂಚಪ್ಪಣ್ಣ ಕಟ್ಟಿದ ಪದ್ಧತಿಯೇ ಅವರ ಕೊರಳಿಗೆ ಬಿತ್ತು. ತಿಂಡಲ್ ಕೆಲಸದಿಂದ ಇಳಿಸಿ, ಉಳಿದ ವರ್ಷಗಳನ್ನು ಗೋದಾಮಿನ ಬಾಗಿಲು ಕಾಯಲು ಹಾಕಿದರು.

ಅವರು ಅದಕ್ಕೆ ಕುಗ್ಗಲಿಲ್ಲ. ಕುಗ್ಗಿದ್ದು ಮನೆಯಲ್ಲಿ. ವಿಚಾರಣೆಯ ಕಾಗದವನ್ನು ದೋಣಿಗಲ್ಲಿನ ತವರಿನಲ್ಲಿ ಯಾರೋ ಗೌರಮ್ಮನಿಗೆ ಓದಿ ಹೇಳಿದರು. ಅಂದಿನಿಂದ ಆಕೆ ಗಂಡನಿಗೆ ಅಡುಗೆ ಮಾಡಿ ತಟ್ಟೆ ನೆಲದ ಮೇಲಿಟ್ಟು ಒಳಗೆ ಹೋಗುವರು. ಕೈಗೆ ಕೊಡುವುದಿಲ್ಲ, ಮಾತಿಲ್ಲ. ನಿವೃತ್ತರಾಗಿ ಊರಿಗೆ ಬಂದು, ನಾಲ್ಕು ಗಿಡ ಕಾಫಿ ಮಾಡಿಕೊಂಡ ಮೇಲೂ ಹಾಗೇ. ನಾನು ಒಮ್ಮೆ ಅವರ ಮನೆಗೆ ಹೋಗಿ, ತಪ್ಪು ನನ್ನದು, ಆ ದಿನ ನಿಮ್ಮವರ ದನಿ ನಾನು ಕೇಳಲೇ ಇಲ್ಲ ಎಂದು ಗೌರಮ್ಮನಿಗೆ ಹೇಳಿದೆ. ಆಕೆ ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ. "ಕಾಗ್ದದಾಗೆ ನಿನ್ ಬರ್ವಣ್ಗೆನೇ ಐತಲ್ಲವ್ವ. ಹೆಣ ಬಿದ್ದಾಗ ಹೇಳ್ದೆ ಇದ್ದೋಳು, ಈಗ ಅವ್ರು ನಿನ್ ಮಗಳ ಮದ್ವೇಲಿ ಉಂಡ್ ಹೋದ್ಮೇಲೆ ಹೇಳ್ತಿದೀಯ."

ಹಾಗಾಗಿ ಕೆಂಚಪ್ಪಣ್ಣನಿಗೆ ಬೇಕಾಗಿದ್ದುದು ಒಂದೇ. ಗೌರಮ್ಮ ನಂಬಬೇಕು, ಅದೂ ಬಿಳಿ ಶೂ ಸಾಹೇಬನ ಬಾಯಿಂದ ಬಂದದ್ದನ್ನು ಕೇಳಿ ನಂಬಬೇಕು. ಹಗೆಯ ವಿಷಯದಲ್ಲೂ ಅವರು ಹಗ್ಗದವರೇ. "ನಾರಿನ ಹಗ್ಗ ಹಸೀದು ಇದ್ದಾಗ ಬಿಗಿಬಾರ್ದು ತಂಗ್ಯವ್ವ, ಒಣಗ್ದಾಗ ಸಡ್ಲ ಆಗೋಯ್ತದೆ. ಒಣಗಿದ್ದನ್ನ ಕಟ್ಬುಟ್ಟು ಸುಮ್ನೆ ಕುಂತ್ಕಬೇಕು. ಮಳೆ ಬಿದ್ದಾಗ ತಾನೇ ಬಿಗೀತದೆ." ಪ್ರತಿ ಭೇಟಿಯಲ್ಲೂ ನಾವಿಬ್ಬರೂ ಆ ಮನುಷ್ಯನ ಸುದ್ದಿ ತೆಗೆಯದೆ ಎದ್ದದ್ದಿಲ್ಲ. ಆ ಹಗೆ ನನ್ನದೂ ಆಗಿತ್ತು. ಅದರಲ್ಲಿ ನನ್ನ ಪಾಲಿನ ಪಾಪವೂ ಇದ್ದುದರಿಂದ ಇನ್ನಷ್ಟು ಕಹಿಯಾಗಿತ್ತು.

ಮಳೆ ಬಿತ್ತು. ಬಿಳಿ ಶೂ ಸಾಹೇಬರು ನಿವೃತ್ತರಾಗಿ, ಕೆಂಚಪ್ಪಣ್ಣನ ಹಳ್ಳಿಗೆ ಮೂರೇ ಮೈಲಿ ದೂರದ ಗುಡ್ಡದ ನೆತ್ತಿಯ ಮೇಲೆ ಹೋಂಸ್ಟೇ ಕಟ್ಟಿಸಿದರು. ಕಣಿವೆ ಚೆನ್ನಾಗಿ ಕಾಣಲೆಂದು ಊಟದ ಹಾಲನ್ನು ಅಂಚಿನ ಮೇಲೆ ಚಾಚಿ, ಉದ್ದುದ್ದ ತಗಡಿನ ಸೂರು ಹೊದಿಸಿದರು. ಸುದ್ದಿ ಕೇಳಿ ಕೆಂಚಪ್ಪಣ್ಣ ಹೋಗಿ ರಸ್ತೆಯಲ್ಲೇ ನಿಂತು ಅದನ್ನು ನೋಡಿ ಬಂದರು. "ಗಾಳಿ ದಾರೀಲೇ ಮನೆ ಕಟ್ಟವ್ನೆ. ನನ್ ತಾವ್ಕೇ ಬತ್ತಾನೆ ಬುಡು" ಎಂದು ನನಗೆ ಫೋನಿನಲ್ಲಿ ಹೇಳಿದರು.

ಹೋದ ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದು, ಘಟ್ಟದ ಅಂಚಿಗೂ ಬಿರುಗಾಳಿ ಬರುತ್ತದೆಂದು ರೇಡಿಯೋ ಹೇಳಿತು. ಮಾರನೆಯ ಬೆಳಿಗ್ಗೆ ಆರೂಕಾಲಿಗೆ ಕೆಂಚಪ್ಪಣ್ಣನ ಫೋನು. "ಸಾಹೇಬ ಜೀಪ್ ಕಳಿಸವ್ನೆ ಮಾರಾಯ್ತಿ. ಸೂರು ಕಟ್ಟೋಕೆ ಈ ಸೀಮೇಲಿ ಬ್ಯಾರೆ ಯಾರೂ ಇಲ್ವಂತೆ. ನೀನು ಒಂದು ಪುಸ್ತಕ ತಕಂಡು ಬಂದ್ಬುಡು. ಬರೋವಾಗ ನಮ್ಮನೆ ಹೊಕ್ಕು ಗೌರೀನೂ ಕರ್ಕಂಡು ಬಾ. ನಾ ಕರುದ್ರೆ ಬರಾಕಿಲ್ಲ."

ಗೌರಮ್ಮ ಬಂದರು. ಏಕೆ ಬಂದರೋ ನಾನು ಕೇಳಲಿಲ್ಲ. ತಮ್ಮನ ಸಾವನ್ನು ಫೋನಿನಲ್ಲಿ ಬರೆಸಿದ ಮನುಷ್ಯನ ಮುಖ ಒಮ್ಮೆ ನೋಡಬೇಕೆಂದಿರಬಹುದು.

ಸಾಹೇಬರು ವರಾಂಡದಲ್ಲಿ ನಿಂತಿದ್ದರು. ಶೂ ಬೆಳ್ಳಗಿತ್ತು. ಕೆಂಚಪ್ಪಣ್ಣ ಕೈಮುಗಿದು, "ಜನ ಎಷ್ಟವ್ರೆ ಸಾರ್ ಒಳಗೆ?" ಎಂದರು. ಒಂದು ಕುಟುಂಬ, ಇಬ್ಬರು ಅಡುಗೆಯವರು. "ಅವ್ರನ್ನ ಮೊದ್ಲು ಸಕಲೇಶಪುರಕ್ಕೆ ಕಳ್ಸಿ. ಜನ ಒಳಗಿದ್ರೆ ನಾನು ಕಟ್ಟಾಕಿಲ್ಲ." ಜೀಪು ಹೋಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಹಗ್ಗದ ಮೂಟೆ ಬಿಚ್ಚಿದರು. ಆಮೇಲೆ ಷರತ್ತು. "ಬಂದರದ ಪದ್ಧತೀಲೇ ಕಟ್ತೀನಿ. ನಾನು ಕೈ ಇಕ್ಕದು, ನೀವು ಕೈ ಇಕ್ಕದು, ತಂಗ್ಯವ್ವ ಬರ್ಕಳದು. ಕೊನೇಗೆ ನಿಮ್ ರುಜು."

ಸಾಹೇಬರು ನಕ್ಕರು. "ಇನ್ನೂ ಅದೇ ಚಾಳಿನಾ ಕೆಂಚಪ್ಪ? ಆಯ್ತು, ಬೇಗ ಬೇಗ ಮುಗ್ಸು." ನನ್ನತ್ತ ನೋಡಿ, "ಮೇಡಂ ಕೂಡ ಇದೀರ, ಒಳ್ಳೇದು" ಎಂದರು. ನೆನಪಿನಲ್ಲಿ ಏನೂ ಉಳಿಯದ ಮನುಷ್ಯ ಎಷ್ಟು ಹಗುರವಾಗಿ ಬದುಕುತ್ತಾನೆ ಎಂದು ಆಗ ಗೊತ್ತಾಯಿತು.

ಕೆಂಚಪ್ಪಣ್ಣ ಆ ದಿನ ಕೆಲಸ ಮಾಡಿದ್ದನ್ನು ನೋಡಬೇಕಿತ್ತು. ಎಪ್ಪತ್ತರ ಸಮೀಪದ ಮನುಷ್ಯ. ಕುರ್ಚಿ, ಮೇಜು, ಹೂಕುಂಡಗಳೆಲ್ಲ ಒಳಗೆ ಹೋದವು. ನೀರಿನ ಟ್ಯಾಂಕು ತುಂಬಿಸಿ ಭಾರ ಮಾಡಿದರು. ಗುಡಾರಗಳನ್ನು ಬಿಚ್ಚಿ ಮಡಚಿದರು. ನಂತರ ಸೂರಿನ ನಾಲ್ಕು ಮೂಲೆಗಳಿಂದ ಹಗ್ಗ ಇಳಿಸಿ ನೆಲದ ಗೂಟಗಳಿಗೆ ಬಿಗಿಯತೊಡಗಿದರು. ಮೊದಲ ಮೂಲೆ ಮೆಟ್ಟಿಲ ಪಕ್ಕ. "ಕೈ" ಎಂದರು. ಸಾಹೇಬರು ಎರಡು ಬೆರಳು ತಾಗಿಸಿ "ಕೈ" ಎಂದರು. ಬರೆದೆ. ಎರಡನೆಯದು, ಮೂರನೆಯದು ಸಿಮೆಂಟಿನ ದಾರಿಯ ಅಂಚಿಗೇ ಇದ್ದವು. ಅವೂ ಆದವು.

ನಾಲ್ಕನೆಯ ಮೂಲೆ ಕಣಿವೆಯ ಕಡೆ, ಇಳಿಜಾರಿನಲ್ಲಿ. ಅಷ್ಟು ಹೊತ್ತಿಗೆ ಮಳೆ ಶುರುವಾಗಿತ್ತು. ಅಲ್ಲಿಗೆ ಹೋಗಲು ಮೊಣಕಾಲುದ್ದದ ಹುಲ್ಲು, ಕೆಸರು, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ. ಕೆಳಗಿನಿಂದ ಕೆಂಚಪ್ಪಣ್ಣನ ದನಿ ಬಂತು.

"ನಾಕನೇದು ಬಾಕಿ ಐತೆ ಸಾರ್. ಮಣ್ಣು ಪುಡಿ ಪುಡಿ, ಗೂಟ ಹಿಡೀತಿಲ್ಲ. ಗುಂಡಿ ಇನ್ನೊಂದು ಮೊಳ ಆಗ್ಬೇಕು. ನೀವೇ ಬಂದು ಒಂದ್ಸಲ ಕೈ ಇಕ್ಕಿ ನೋಡಿ."

ನನ್ನ ಪಕ್ಕದಲ್ಲಿ ಕೊಡೆ ಹಿಡಿದಿದ್ದ ಗೌರಮ್ಮ ಇಳಿಜಾರಿನ ಕಡೆ ತಿರುಗಿದರು. ಆ ಮಾತನ್ನು ಆಕೆ ಹನ್ನೆರಡು ವರ್ಷದ ಹಿಂದೆ ಗಂಡನ ಬಾಯಿಂದ ಕೇಳಿದ್ದರು. ನಂಬಿರಲಿಲ್ಲ.

ಸಾಹೇಬರು ಮೆಟ್ಟಿಲವರೆಗೆ ಹೋದರು. ಕೆಸರು ನೋಡಿದರು. ಆಮೇಲೆ ತಮ್ಮ ಶೂ ನೋಡಿಕೊಂಡರು. "ಯಾವ್ದಾದ್ರೂ ಮರಕ್ಕೆ ಸುತ್ತಿ ಬಾ ಮಾರಾಯ, ಸಾಕು" ಎಂದು ಕೂಗಿ, ತಿರುಗಿ ಬಂದು ನನಗೆ ಹೇಳಿದರು:

"ನಾಲ್ಕನೇದೂ ಆಯ್ತು ಮೇಡಂ. ಬರ್ಕೊಳ್ಳಿ."

ಅದೇ ಮಾತು. ಅದೇ ಸದರ. ನನ್ನ ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ. ಮಧ್ಯಾಹ್ನ ಎರಡು ಹತ್ತು, ನಾಲ್ಕನೆಯದು, ಬಾಕಿ ಇದೆ ಎಂದು ತಿಂಡಲ್ ಹೇಳಿದರು, ಸಾಹೇಬರು ಕೈ ಇಟ್ಟಿಲ್ಲ ಎಂದು ಬರೆದೆ. ಪುಸ್ತಕ ಚಾಚಿದೆ. ಅವರು ಓದದೆ ರುಜು ಹಾಕಿದರು. ಓದದೆ ರುಜು ಹಾಕುತ್ತಾರೆಂದು ನನಗೆ ಗೊತ್ತಿತ್ತು. ಅವರ ಕೆಳಗೆ ಅಷ್ಟು ವರ್ಷ ಕೆಲಸ ಮಾಡಿದ್ದೆ.

ಕೆಂಚಪ್ಪಣ್ಣ ಗುಂಡಿ ತೋಡುತ್ತಲೇ ಇದ್ದರು. ಮತ್ತೊಮ್ಮೆ ಕರೆದರು. "ಬಂದು ಕೈ ಇಕ್ಕಿದ್ರೆ ಅರ್ಧ ಗಂಟೇಲಿ ಮುಗಿಸ್ಕೊಡ್ತೀನಿ ಸಾರ್." ಸಾಹೇಬರು ಮೇಲಿನಿಂದಲೇ, "ಸಾಕು ಅಂದ್ನಲ್ಲ, ಹತ್ತಿ ಬಾ. ಬೀಗ ಹಾಕ್ಕೊಂಡು ಹೊರಡೋಣ" ಎಂದು ರೇಗಿದರು. ಕೆಂಚಪ್ಪಣ್ಣ ಹಾರೆ ಊರಿ ಎದ್ದರು. ಹತ್ತಿ ಬಂದು ಕಾಲಿನ ಇಂಬಳ ಕಿತ್ತು ಎಸೆದರು.

ಸಂಜೆ ಐದಕ್ಕೆ ಗಾಳಿ ಬಂತು. ಕೆಂಚಪ್ಪಣ್ಣನ ಮನೆಯ ಜಗುಲಿಯಲ್ಲಿ ಕುಳಿತ ನಮಗೆ ಸದ್ದಷ್ಟೇ ಕೇಳಿಸಿತು. ಬೆಳಿಗ್ಗೆ ಹೋಗಿ ನೋಡಿದಾಗ ಮೂರು ಮೂಲೆಯ ಹಗ್ಗಗಳು ಹಾಗೇ ಬಿಗಿಯಾಗಿದ್ದವು. ನಾಲ್ಕನೆಯ ಮೂಲೆಯಿಂದ ಬೆರಳು ತೂರಿಸಿದ ಗಾಳಿ ಸೂರನ್ನು ಅರ್ಧಕ್ಕೆ ಹರಿದು ಮಡಚಿತ್ತು. ತಗಡುಗಳು ಕಣಿವೆಯಲ್ಲಿ ಬಿದ್ದು ಬಿಸಿಲಿಗೆ ಹೊಳೆಯುತ್ತಿದ್ದವು. ಯಾರ ಮೈಗೂ ಗೀರು ಬಿದ್ದಿರಲಿಲ್ಲ. ಅಷ್ಟಾದರೆ ಸಾಕಿತ್ತು. ಸೂರಿಗಾಗಿ ನನಗೆ ಎಳ್ಳಷ್ಟೂ ಮರುಕವಿಲ್ಲ. ಅಂದೂ ಇರಲಿಲ್ಲ, ಇಂದಿಗೂ ಇಲ್ಲ.

ಸಾಹೇಬರು ಕೂಗಾಡಿದರು. "ಕಟ್ಟಿಲ್ಲ ಕೆಂಚಪ್ಪ ನೀನು. ಬೇಕೂಂತ್ಲೇ ಬಿಟ್ಟಿದೀಯ." ಆಗಲೇ ಸೇರಿದ್ದ ಊರಿನ ಹತ್ತು ಜನರ ಎದುರು ನಾನು ಪುಸ್ತಕ ಬಿಡಿಸಿ ವೇಳೆ ಸಮೇತ ನಾಲ್ಕು ಸಾಲನ್ನೂ ಗಟ್ಟಿಯಾಗಿ ಓದಿದೆ. ಕೊನೆಗೆ ಅವರ ರುಜುವನ್ನು ತೋರಿಸಿದೆ. ಗೌರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

"ನಮ್ ಸುಬ್ಬ ಸತ್ತ ದಿನಾನೂ ಹಿಂಗೇ ಅಂದ್ರಾ ಸ್ವಾಮಿ? ಹೋಗಿ ನೋಡ್ದೆ, ಆಯ್ತು ಅಂತ?"

ಸಾಹೇಬರು ತಲೆ ತಗ್ಗಿಸಿ ಶೂ ನೋಡುತ್ತ ನಿಂತರು. ಗೌರಮ್ಮ ಅವರ ಮುಖವನ್ನು ಅಕ್ಕಿಯಲ್ಲಿ ಕಲ್ಲು ನೋಡುವಂತೆ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು. "ಬನ್ನಿ, ಮನೀಗೆ ಹೋಗಾನ" ಎಂದರು. ಮನೆಗೆ ಬಂದು ಕಾಫಿ ಮಾಡಿ, ಲೋಟವನ್ನು ನೆಲದ ಮೇಲಿಡದೆ ಅವರ ಕೈಗೆ ಕೊಟ್ಟರು. ಕೆಂಚಪ್ಪಣ್ಣ ಅದನ್ನು ಕುಡಿಯದೆ ಬಹಳ ಹೊತ್ತು ಹಿಡಿದುಕೊಂಡೇ ಕುಳಿತಿದ್ದರು.

ಹೊರಡುವಾಗ ನಾನು ಕೇಳಿದೆ: "ಅಣ್ಣ, ನಿಜ ಹೇಳಿ. ಆ ಮಣ್ಣು ಅಷ್ಟು ಸಡಿಲವಿತ್ತಾ?"

"ಇತ್ತು ಕಣವ್ವ. ನಾ ಸುಳ್ಳು ಹೇಳಿದ್ರೆ ಅವ್ನಿಗೂ ನಂಗೂ ಏನು ವ್ಯತ್ಯಾಸ? ಇಳ್ದು ಬಂದಿದ್ರೆ ಬಂಡೆ ಹಂಗೆ ಕಟ್ಕೊಡ್ತಿದ್ದೆ." ಆಮೇಲೆ, "ಬರಾಕಿಲ್ಲ ಅಂತ ಗೊತ್ತಿತ್ತು ಅನ್ನು" ಎಂದು ನಕ್ಕರು.

ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು. ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ, ಕಣದಲ್ಲಿ ಒಣಗಿದ ಬೀಜಕ್ಕೆ ಟಾರ್ಪಾಲು ಹೊದಿಸಿ, ಅದರ ನಾಲ್ಕನೆಯ ಹಗ್ಗ ಹಿಡಿದು ಕುಳಿತವರು ಮತ್ತೆ ಏಳಲಿಲ್ಲ. ನಾನು ಆಲೂರಿನ ಮೇಲೆ ಎರಡು ಬಸ್ಸು ಬದಲಿಸಿ ತಲುಪಿದಾಗ ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು. ಅವರದೇ ನಾರಿನ ಹಗ್ಗದಲ್ಲಿ ಕಟ್ಟಿದ್ದರು. ಗೌರಮ್ಮ ಸುತ್ತು ಬರುತ್ತ ಒಂದೊಂದು ಗಂಟಿನ ಮೇಲೂ ಅಂಗೈಯಿಟ್ಟು ಅಲುಗಿಸಿ ನೋಡುತ್ತಿದ್ದರು. ಯಾರೂ ತಡೆಯಲಿಲ್ಲ.

ಬಿಳಿ ಶೂ ಸಾಹೇಬರೂ ಬಂದಿದ್ದರು. ಊರಿನ ನಡುವೆ ಹೋಂಸ್ಟೇ ನಡೆಸುವವರು ಸಾವಿಗೆ ಬಾರದಿದ್ದರೆ ನಡೆಯುವುದಿಲ್ಲ. ಹಾರ ಹಿಡಿದು, ಕೆಸರು ತಪ್ಪಿಸಿ ಕಾಲಿಡುತ್ತ ಮುಂದೆ ಬಂದು ಚಟ್ಟದ ಕಡೆ ಕೈ ಚಾಚಿದರು. ಗೌರಮ್ಮ ಕೊನೆಯ ಗಂಟಿನ ಮೇಲಿಂದ ಕೈ ತೆಗೆಯದೆ ತಲೆಯೆತ್ತಿದರು.

"ನೀವು ಕೈ ಇಕ್ಬ್ಯಾಡಿ. ಅಲ್ಲಿಂದ್ಲೇ ಆಯ್ತು ಅಂದ್ಬುಡಿ, ಸಾಕು."

ಅವರು ಹಾರ ಹಿಡಿದೇ ಹಿಂದೆ ಸರಿದರು. ಗಂಡಸರು ಹೆಗಲು ಕೊಟ್ಟು ಎತ್ತಿದರು. ಗಂಟು ಒಂದೂ ಮಿಸುಕಲಿಲ್ಲ.